ಬಾಗಿಲಾಚೆ ನಿಂತ ಅರ್ಧ ಗಂಟೆ

ಕಂಪ್ಯೂಟರ್ ರಿಪೇರಿ ನನ್ನ ಕಸುಬು. ದೆವ್ವ ಗಿವ್ವ ನಂಬುವವನಲ್ಲ. ಅಕ್ಕನ ಮನೆಯಲ್ಲಿ ಸಿನಿಮಾ ತುಂಬಿಟ್ಟ ಕಂಪ್ಯೂಟರೊಂದನ್ನು ಟಿವಿಗೆ ಜೋಡಿಸಿದ್ದೆ. ರಾತ್ರಿ ಅರ್ಧಕ್ಕೆ ನಿಲ್ಲಿಸಿದ ಸಿನಿಮಾ, ಮರುದಿನ ಅಕ್ಕ, ಭಾವ ಇಬ್ಬರೂ ಕೆಲಸದಿಂದ ಮರಳುವಷ್ಟರಲ್ಲಿ ಮುಂದೆ ಓಡಿರುತ್ತಿತ್ತು. ನನ್ನ ಗುಮಾನಿ ಭಾವನ ಮೇಲೆ.

"ಆಫೀಸಿಗೆ ಚಕ್ಕರ್ ಹೊಡೀತಿದ್ದೀರಾ ಭಾವ?"

"ನಿಮ್ಮಕ್ಕನಾಣೆಗೂ ನಾನಲ್ಲ ಕಣೋ!"

ಅಕ್ಕ ಅವರನ್ನು ದುರುಗುಟ್ಟಿ ನೋಡಿದಳು.

ಭಾನುವಾರ ಬೆಳಿಗ್ಗೆ ಹೋಗಿ ಇಂಟರ್ನೆಟ್ ವೈರ್ ಕಿತ್ತೆ. ರಿಮೋಟನ್ನು ಜೇಬಿಗಿಳಿಸಿದೆ. ಟಿವಿಯ ಮುಂದೆಯೇ ನಿಂತು, "ಬೀಗ ಹಾಕಿ ಮೂವರೂ ಹೊರಗೆ ನಿಲ್ಲೋಣ. ಸಿನಿಮಾ ಓಡಿದ್ರೆ ಸದ್ದು ಕೇಳ್ಲೇಬೇಕಲ್ಲ?" ಎಂದೆ.

ಅರ್ಧ ಗಂಟೆ ಬಾಗಿಲಿಗೆ ಕಿವಿಯಿಟ್ಟು ನಿಂತೆವು. ಒಳಗೆ ಒಂದು ಸದ್ದೂ ಇಲ್ಲ.

"ನೀವು ಹೊರಗಿದ್ರೆ ಸಿನಿಮಾನೂ ಓಡಲ್ಲ. ಸಿಕ್ಕಿಬಿದ್ರಲ್ಲ ಭಾವ," ಎಂದು ನಕ್ಕು ಬೀಗ ತೆಗೆದೆ.

ಸಿನಿಮಾ ಇಪ್ಪತ್ತೆಂಟು ನಿಮಿಷ ಮುಂದೆ ಹೋಗಿ ನಿಂತಿತ್ತು. ಸೋಫಾದ ಒಂದು ಮೂಲೆ ಮಾತ್ರ, ಯಾರೋ ಈಗಷ್ಟೇ ಎದ್ದುಹೋದಂತೆ, ಬೆಚ್ಚಗಿತ್ತು.

ಕಂಪ್ಯೂಟರ್ ತಾನು ಮಾಡಿದ್ದನ್ನೆಲ್ಲ ಸಮಯದ ಸಮೇತ ಬರೆದಿಡುತ್ತದೆ. ಆ ದಾಖಲೆ ತೆರೆದು ನೋಡಿದೆ. ನಾವು ಬೀಗ ಹಾಕಿದ್ದು ಹನ್ನೊಂದಕ್ಕೆ. ಸಿನಿಮಾ ಶುರುವಾಗಿದ್ದು ಹನ್ನೊಂದು ಗಂಟೆ ಎರಡು ನಿಮಿಷಕ್ಕೆ. ಅದಕ್ಕೂ ಒಂದು ನಿಮಿಷ ಮೊದಲು, ಧ್ವನಿಯನ್ನು ಸೊನ್ನೆಗಿಳಿಸಲಾಗಿತ್ತು.