ಮೇಲೆ ನಿಂತು ಹೇಳಿದರೆ ಸಾಕು

“ಮೀನು ತಿನ್ನಾಂಗಿಲ್ಲ, ಹಿಡ್ಯಾಂಗಿಲ್ಲ. ಮತ್ತ ನೀರಾಗ ಮಾರಿ ಇಟ್ಟು ಅವನ್ನ ನೋಡಾಕ ಅಂಡಮಾನಿಗೆ ಯಾಕ ಹೋಗಬೇಕಂತ ಕೇಳಾಕತ್ತಾಳ ನಮ್ಮ ಆಯಿ,” ಎಂದಳು ವಿದ್ಯಾವತಿ.

ಅರುಣಕುಮಾರ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ನಕ್ಕ. “ಗುರವ್ವಾಯಿಗೆ ಹೇಳು, ಅಲ್ಲಿ ಮೀನೂ ನಿಮ್ಮನ್ನ ನೋಡಾಕ ಬರ್ತಾವಂತ.”

ಸಿಂದಗಿ ಬಸ್ ನಿಲ್ದಾಣದ ಎದುರಿಗಿದ್ದ ಅವನ ಪುಟ್ಟ ಟ್ರಾವೆಲ್ಸ್ ಆಫೀಸಿನಿಂದ ಜನ ಶ್ರೀಶೈಲಕ್ಕೋ ಪಂಢರಪುರಕ್ಕೋ ಹೋಗುತ್ತಿದ್ದರು. ದ್ವೀಪಕ್ಕೆ ಹೊರಟ ಮೊದಲ ಕುಟುಂಬ ಯಂಕಂಚಿಯ ಶ್ರೀಶೈಲಪ್ಪನವರದು. ಅವರ ಮಗಳು ವಿದ್ಯಾವತಿ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಸೊಸೈಟಿಯಲ್ಲಿ ಕೆಲಸಕ್ಕಿದ್ದಳು. ಅರುಣಕುಮಾರನೂ ಯಂಕಂಚಿಯವನೇ, ಬುದ್ಧವಿಹಾರದ ಓಣಿಯವನು. ಅಂಡಮಾನಿನ ದೋಣಿಗಳಲ್ಲಿ ಎರಡು ವರ್ಷ ಪ್ರವಾಸಿಗರಿಗೆ, ಕೊಳವೆಯಲ್ಲಿ ಉಸಿರಾಡುತ್ತ ನೀರೊಳಗಿನ ಮೀನು ನೋಡುವ ಸ್ನಾರ್ಕೆಲಿಂಗ್ ಮಾಡಿಸಿ ಬಂದಿದ್ದ.

ಪ್ಲಾನ್ ಯಾವಾಗಲೋ ಮುಗಿಯಬಹುದಿತ್ತು. ಅಜ್ಜಿ ಗುರವ್ವಾಯಿಗೆ ಗಾಜಿನ ತಳದ ದೋಣಿ, ಅಣ್ಣನ ಮಕ್ಕಳಿಗೆ ಮರಳು ಮತ್ತು ಕಯಾಕ್, ಅಪ್ಪನಿಗೆ ಹಳೆಯ ಜೈಲು, ಎಲ್ಲರಿಗೂ ಒಂದು ಬೆಳಗು ಸ್ನಾರ್ಕೆಲಿಂಗ್. ಗಂಟು ಕಟ್ಟಲು ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ. ಆದರೂ ದಿನಾ ಕೆಲಸ ಮುಗಿದ ಮೇಲೆ ವಿದ್ಯಾವತಿ ಒಂದಲ್ಲ ಒಂದು ಹೊಸ ಹೆದರಿಕೆ ಹೊತ್ತು ಬರುತ್ತಿದ್ದಳು. ಜೆಲ್ಲಿ ಮೀನು ಕಚ್ಚಿದರೆ? ಮಕ್ಕಳಿಗೆ ದೋಣಿಯಲ್ಲಿ ವಾಂತಿಯಾದರೆ? ಮಾಸ್ಕಿನೊಳಗೆ ನೀರು ನುಗ್ಗಿದರೆ?

“ಉಸಿರು ಕಟ್ಟಿದ್ರ?”

“ಕಟ್ಟಾಂಗಿಲ್ಲ. ನಾ ಇರ್ತೇನಲ್ಲ.”

“ಟಿಕೆಟಿನಾಗ ನಿಮ್ಮ ಹೆಸರಿಲ್ಲಲ್ರೀ.”

“ಟಿಕೆಟಿನಾಗ ಇಲ್ಲ,” ಎಂದು ಅವನು ಅವಳನ್ನೇ ನೋಡಿದ. ವಿದ್ಯಾವತಿ ಕಳೆದಿರದ ಪೆನ್ನನ್ನು ಬ್ಯಾಗಿನಲ್ಲಿ ಹುಡುಕತೊಡಗಿದಳು.

ಆ ಬುಧವಾರ ಅವಳು ಓಡುತ್ತಲೇ ಬಂದಳು. “ಐತವಾರ ನಮ್ಮ ತ್ವಾಟದ ಬಾವ್ಯಾಗ ಪ್ರಾಕ್ಟೀಸ್! ಅಪ್ಪಾರು ಹೂಂ ಅಂದ್ರು. ನೀವೇನು ಇಳಿಯೂದು ಬ್ಯಾಡಂತ, ಮ್ಯಾಲ ನಿಂತು ಹೇಳಿದ್ರ ಸಾಕಂತ.”

ಮೌಸಿನ ಮೇಲೆ ಅವನ ಬೆರಳು ನಿಂತಿತು. “ಅವರು ಹಂಗಂದ್ರಾ?”

“ಹೂನ್ರೀ. ಸುಮ್ನ ನೀವ್ಯಾಕ ತೊಯ್ಸಿಕೋಬೇಕಂತ.” ಕಡೆಯ ಮಾತು ಅವಳೇ ಸೇರಿಸಿದ್ದು.

ಅವನು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. “ಬುಕಿಂಗ್ ಎಲ್ಲಾ ಮಾಡಿ ಕೊಡ್ತೇನಿ. ಬಾವಿಗೆ ಬ್ಯಾರೆ ಯಾರನ್ನರ ನೋಡ್ಕೊಳ್ರಿ, ವಿದ್ಯಾವತಿಯವರ.”

ನಿನ್ನೆಯವರೆಗೆ ‘ನೀ’ ಎನ್ನುತ್ತಿದ್ದ ಬಾಯಲ್ಲಿ ಬಂದ ಆ ಮರ್ಯಾದೆ ಅವಳಿಗೆ ಕಪಾಳಕ್ಕೆ ಬಡಿದಂತಾಯಿತು.

ಆಮೇಲೆ ಅವನು ಅವಳ ಫೋನ್ ಎತ್ತಲಿಲ್ಲ. ತಾನು ಅತಿಯಾಗಿ ಹೋಗಿ ಕೂತೆನೇನೋ, ಅವನ ನಗುವನ್ನೇ ತಪ್ಪಾಗಿ ತಿಳಿದೆನೇನೋ ಎಂದು ಅವಳು ಒಳಗೊಳಗೇ ಬೆಂದಳು. ಶನಿವಾರ ತಡೆಯಲಾರದೆ ಅವನ ಮನೆಗೇ ನಡೆದಳು. ಅಂಗಳದಲ್ಲಿ ಅವನ ಅಜ್ಜಿ ಮರೆವ್ವ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

“ನಮ್ಮ ಮನ್ಯಾಗ ಚಾ ಕುಡೀತಿ?”

“ಕುಡೀತೇನಿ, ಆಯಿ.”

ಚಹಾದ ಬಸಿ ಕೈಗಿಟ್ಟು ಮರೆವ್ವ ನೇರವಾಗಿ ಕೇಳಿದಳು. “ಏನಂದಿ ನನ್ನ ಮೊಮ್ಮಗಗ? ಮೂರು ದಿನಾ ಆತು, ಬಾಯಿಗೆ ಕೀಲಿ ಹಾಕ್ಯಾನ.”

ವಿದ್ಯಾವತಿ ಅಪ್ಪನ ಮಾತನ್ನು ಇದ್ದ ಹಾಗೆ ಹೇಳಿದಳು.

“ಮ್ಯಾಲ ನಿಂತು.” ಮುದುಕಿ ಕಲ್ಲೋ ಕಾಳೋ ನೋಡುವಂತೆ ಆ ಮಾತನ್ನು ತಿರುಗಿಸಿ ನೋಡಿದಳು. “ಆ ಬಾವಿ ಮ್ಯಾಲ ನಾನೂ ಭಾಳ ನಿಂತೇನವ್ವಾ. ಕೊಡ ಕೆಳಗಿಟ್ಟು, ದೂರ. ಯಾರರ ಮ್ಯಾಲಿಂದ ಸುರುವಿದ್ರ ನೀರು, ಇಲ್ಲಾಂದ್ರ ಬಿಸಲು. ಇವಾ ಸಣ್ಣಾವಿದ್ದ, ನನ್ನ ಸೆರಗು ಹಿಡಕೊಂಡು ನಿಂತಿರ್ತಿದ್ದ. ಅದಕ್ಕ ಈಜು ಕಲಿಯಾಕ ಸ್ವಾದರಮಾವನ ಊರಿಗೆ, ಭೀಮಾ ಹೊಳಿಗೆ ಹೋದ.”

ವಿದ್ಯಾವತಿ ಬಸಿ ಕೆಳಗಿಟ್ಟಳು. ಅಲೆಗೆ ಹೆದರಿದ್ದಳು, ಜೆಲ್ಲಿ ಮೀನಿಗೆ ಹೆದರಿದ್ದಳು. ಎಲ್ಲದಕ್ಕೂ ಹೆದರುವ ಅವಳು ಅಪ್ಪನ ಈ ಒಂದು ಮಾತಿಗೆ ಹೆದರಿರಲಿಲ್ಲ. ಅದನ್ನು ಕಾಳಜಿಯೆಂದೇ ತಿಳಿದು, ನಗುನಗುತ್ತ ಹೊತ್ತು ತಂದು ಅವನ ಮುಂದಿಟ್ಟಿದ್ದಳು.

ಅರುಣಕುಮಾರ ಬಾಗಿಲಲ್ಲಿ ಬಂದು ನಿಂತಿದ್ದ.

“ನನಗ ತಿಳೀಲಿಲ್ರೀ,” ಎಂದಳು.

“ಅದ ಅಲ್ಲೇನು ತ್ರಾಸ? ನಿಮಗ ತಿಳ್ಯಾಂಗೇ ಇಲ್ಲ.”

“ಮತ್ತ ನೀವು ಹೇಳಬೇಕಿಲ್ಲೇನು? ಮುನಿಸ್ಕೊಂಡು ಕುಂತ್ರ ಹೆಂಗ ತಿಳೀತೈತಿ?”

“ಹೇಳಿ ನಿನ್ನ ಕಳಕೊಂಡ್ರ?”

ಆ ‘ನಿನ್ನ’ ಇಬ್ಬರಿಗೂ ಕೇಳಿಸಿತು. ಮರೆವ್ವ ಮೊರದ ಮೇಲೆ ಇನ್ನಷ್ಟು ಬಾಗಿದಳು.

ವಿದ್ಯಾವತಿ ಕಣ್ಣೊರೆಸಿಕೊಂಡಳು. “ನಾಳೆ ಬರ್ರಿ. ನಿಲ್ಲಾಕ ಅಲ್ಲ, ಇಳಿಯಾಕ. ಅಪ್ಪಾಗ ನಾ ಹೇಳ್ತೇನಿ.”

“ನಿಮ್ಮಪ್ಪ ಹೂಂ ಅಂದ್ರ ಸಾಲಾಂಗಿಲ್ಲ. ನಮ್ಮ ಆಯಿ ಹೂಂ ಅನಬೇಕು.”

“ಆಯಿನೂ ಬರ್ತಾಳ ತಗೋ,” ಎಂದಳು ಮರೆವ್ವ ತಲೆ ಎತ್ತದೆ. “ಚಾ ಆರಾಕತ್ತೈತಿ, ಕುಡಿಯವ್ವಾ ಮೊದಲ.”

ಆ ಸಂಜೆ ಶ್ರೀಶೈಲಪ್ಪ ಊಟಕ್ಕೆ ಕೂತಾಗ ವಿದ್ಯಾವತಿ ರೊಟ್ಟಿ ಬಡಿಸಿ, ಅಲ್ಲೇ ನಿಂತಳು. “ಅಪ್ಪಾ, ಅರುಣಕುಮಾರ ಇಳೀಲಿಲ್ಲಂದ್ರ ನಾನೂ ಇಳ್ಯಾಂಗಿಲ್ಲ. ಬಾವಿಗೂ ಇಲ್ಲ, ಸಮುದ್ರಕ್ಕೂ ಇಲ್ಲ.”

“ಒಂದು ಈಜಿನ ಸಲುವಾಗಿ ಇಷ್ಟ ಮಾತೇನು?”

“ಈಜಿನ ಸಲುವಾಗಿ ಅಷ್ಟ ಅಲ್ಲಪ್ಪಾ.”

ಶ್ರೀಶೈಲಪ್ಪನವರ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು. ಅವರು ಮಗಳ ಮುಖ ನೋಡಲಿಲ್ಲ. ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದರು.

ಕಾಲುವೆ ನೀರು ಬಂದಾಗಿನಿಂದ ತೋಟದ ಬಾವಿ ತುಂಬಿ ನಿಂತಿತ್ತು. ಭಾನುವಾರ ಬೆಳಿಗ್ಗೆ ವಿದ್ಯಾವತಿ ಕೊಳವೆ ಸಿಕ್ಕಿಸಿದ ಮಾಸ್ಕನ್ನು ಹಣೆಗೇರಿಸಿಕೊಂಡು, ಸೊಂಟಮಟ್ಟದ ನೀರಿನಲ್ಲಿ ಮೆಟ್ಟಿಲ ಮೇಲೆ ನಿಂತಿದ್ದಳು. ಮೇಲೆ ಬೇವಿನ ನೆರಳಲ್ಲಿ ಅಪ್ಪ. ಅರುಣಕುಮಾರ ಅಜ್ಜಿಯ ಕೈ ಹಿಡಿದು ಬದುವಿನ ಮೇಲೆ ಬಂದ. ಮೊದಲ ಮೆಟ್ಟಿಲ ಬಳಿ ಅವನ ಕಾಲು ನಿಂತಿತು.

ಶ್ರೀಶೈಲಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತೊಗರಿ ಹೊಲದ ಕಡೆ ಮುಖ ತಿರುಗಿಸಿದರು. ವಿದ್ಯಾವತಿ ಮೆಟ್ಟಿಲ ಮೇಲೆ ಒಂದು ಬದಿಗೆ ಸರಿದು ಜಾಗ ಬಿಟ್ಟಳು.

“ಏನ ನೋಡ್ತಿ?” ಎಂದಳು ಮರೆವ್ವ. “ಇಳಿ.”

ಅವನು ಚಪ್ಪಲಿ ಬಿಟ್ಟು ಇಳಿದ. ಒಂದೊಂದು ಕಲ್ಲಿನ ಮೇಲೂ ಪಾದ ಊರಿ, ನಿಧಾನವಾಗಿ.

ಶ್ರೀಶೈಲಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ವಿದ್ಯಾ, ಸಂಜೀಕ ಮನ್ಯಾಗ ಮಾತಾಡೂದೈತಿ,” ಎಂದು ಹೊರಟುಹೋದರು. ಆ ದನಿಯಲ್ಲಿ ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚಾಗಿ, ಮಗಳ ಮನಸ್ಸು ಗೊತ್ತಾದ ಅಪ್ಪನ ದಣಿವಿತ್ತು.

ಅರುಣಕುಮಾರ ಅವಳ ಪಕ್ಕ ನೀರಿಗಿಳಿದ. “ಹೆದರಿಕಿ ಬರಾಕತ್ತೈತೇನು?”

“ಹೂಂ.”

“ನೀರಿಗಿ?”

“ಸಂಜೀಗೆ.”

“ಸಂಜೀಕ ನಾನೂ ಬರ್ತೇನಿ. ನಿನ್ನ ಒಬ್ಬಾಕಿನ್ನ ಬಿಡಾಂಗಿಲ್ಲ.” ಅವನೇ ಮಾಸ್ಕನ್ನು ಅವಳ ಕಣ್ಣಿಗೆ ಇಳಿಸಿ, ಸಿಕ್ಕಿದ್ದ ಕೂದಲನ್ನು ಹಗುರವಾಗಿ ಬಿಡಿಸಿದ. “ಈಗ ಕೊಳವಿ ಬಾಯಾಗ ಹಿಡಕೊಂಡು ಮಾರಿ ನೀರಾಗ ಇಡು. ಬಾಯಿಲೆ ಉಸಿರಾಡು. ಅಲ್ಲೆ ಮಾತು ನಡ್ಯಾಂಗಿಲ್ಲ. ಆರಾಮ ಇದ್ರ ಹಿಂಗ ಮಾಡು.” ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಉಂಗುರ ಮಾಡಿ ತೋರಿಸಿದ.

ಅವಳು ಮುಖ ಇಳಿಸಿದಳು. ಹವಳವಿರಲಿಲ್ಲ, ಬಣ್ಣದ ಮೀನುಗಳಿರಲಿಲ್ಲ. ಹಸಿರು ಮಬ್ಬು, ಪಾಚಿ ಹಿಡಿದ ಕಲ್ಲುಗಳು, ಕಿವಿ ತುಂಬ ತನ್ನದೇ ಉಸಿರು, ಪಕ್ಕದಲ್ಲಿ ಅವನ ಕೈ. ಆಮೇಲೆ ಎದುರಿನ ಮೆಟ್ಟಿಲ ಮೇಲೆ, ನೀರು ಸೀಳಿಕೊಂಡು ಎರಡು ಒಡಕು ಹಿಮ್ಮಡಿಗಳು ಮೆಲ್ಲಗೆ ಇಳಿದು ಬಂದವು.

“ಯವ್ವಾ,” ಮೇಲಿನಿಂದ ಮರೆವ್ವನ ದನಿ ಮಸುಕಾಗಿ ಕೇಳಿತು, “ಎಷ್ಟ ತಣ್ಣಗೈತಿ ಇದು!”

ಮಾಸ್ಕಿನೊಳಗೆ ನೀರು ತುಂಬಿತು. ಅದು ಬಾವಿಯದಲ್ಲ. ವಿದ್ಯಾವತಿ ಬೆರಳು ಕೂಡಿಸಿ ಉಂಗುರ ಮಾಡಿ ತೋರಿಸಿದಳು. ಅರುಣಕುಮಾರ ಆ ಕೈಯನ್ನು ಹಿಡಿದ. ಮತ್ತೆ ಬಿಡಲಿಲ್ಲ.