ಊಟಕ್ಕೆ ಕರೆದ ದನಿ

ತಿಮಿಂಗಿಲ ನೋಡಲು ಟೊಂಗಾದ ನಮ್ಮ ವವಾವು ದ್ವೀಪಗಳಿಗೆ ಬರುವವರನ್ನು ನಾನೂ ನನ್ನಕ್ಕ ಲೋಸೆಯೂ ದೋಣಿಯಲ್ಲಿ ಕರೆದೊಯ್ಯುತ್ತೇವೆ. ಹೋದ ಆಗಸ್ಟಿನ ಒಂದು ಮಧ್ಯಾಹ್ನ ತಾಯಿ-ಮರಿ ತಿಮಿಂಗಿಲಗಳನ್ನು ತೋರಿಸಿ, ಯಾರೂ ವಾಸವಿಲ್ಲದ ಪುಟ್ಟ ದ್ವೀಪವೊಂದರ ಬಳಿ ಲಂಗರು ಹಾಕಿದ್ದೆವು. ಅತಿಥಿಗಳು ದೋಣಿಯಲ್ಲೇ ತೂಕಡಿಸುತ್ತಿದ್ದರು. ನಾವಿಬ್ಬರೂ ದಂಡೆಗಿಳಿದೆವು.

ಕೇದಗೆ ಪೊದೆಯ ಆಚೆಯಿಂದ ಹೆಂಗಸಿನ ದನಿ ಕೇಳಿಸಿತು: “ಬನ್ರೇ, ಊಟ ಮಾಡ್ಕೊಂಡು ಹೋಗಿ!”

ದಾರಿಹೋಕರನ್ನು ಹಾಗೆ ಕರೆಯುವುದು ನಮ್ಮ ಕಡೆ ವಾಡಿಕೆ. ಆದರೆ ಅಲ್ಲಿ ಮನೆಯೇ ಇರಲಿಲ್ಲ.

“ಹೋಗ್ಬೇಡ ಕಣೇ ಅಕ್ಕ,” ಎಂದೆ.

“ಊಟಕ್ಕೆ ಕರೆದೋರಿಗೆ ಬೆನ್ನು ತೋರಿಸ್ತಾರೇನೇ, ಪುಕ್ಕಲಿ? ನಮ್ಮೂಟ ಆಯ್ತು ಅಂತ ಹೇಳಿ ಬರ್ತೀನಿ,” ಎಂದು ನಗುತ್ತಾ ಪೊದೆಯೊಳಗೆ ನುಗ್ಗಿದಳು.

ನಾನು ಹಿಂದೆಯೇ ಓಡಿದೆ. ಪೊದೆ ದಾಟಿದ್ದೇ ತಡ, ಅಂಗಾಲು ಸುಡುತ್ತಿದ್ದ ಮರಳು ಬೆಳಗಿನ ಜಾವದ ಮರಳಿನಂತೆ ತಣ್ಣಗಾಯಿತು. ಒಲೆಯಿಲ್ಲ, ಬೂದಿಯಿಲ್ಲ. ಆಚೆ ದಂಡೆಯ ಮೊಣಕಾಲುದ್ದ ನೀರಿನಲ್ಲಿ ತಿಮಿಂಗಿಲ ಉಸಿರುಬಿಟ್ಟಂಥ ಸದ್ದು ಕೇಳಿಸಿತು. ನೀರು ಮಾತ್ರ ಅಲುಗಲಿಲ್ಲ. ಅಕ್ಕ ಬಾಯಿ ಒರೆಸಿಕೊಳ್ಳುತ್ತಾ ಎದುರಾದಳು. ಅವಳ ಉಸಿರಿನಲ್ಲಿ ತೆಂಗಿನಹಾಲಲ್ಲಿ ಬೆಂದ ಕೆಸುವಿನೆಲೆಯ ವಾಸನೆಯಿತ್ತು.

“ಏನೇ ತಿಂದೆ?”

“ಅಲ್ಲಿ ಯಾರಿದ್ರು ಕೊಡೋಕೆ?” ಎಂದಳು. ದೋಣಿ ಹೊರಟ ಮೇಲೂ ಅವಳ ಮುಖ ದ್ವೀಪದ ಕಡೆಗೇ ಇತ್ತು.

ವರ್ಷ ಕಳೆದು ಈಗ ಮತ್ತೆ ತಿಮಿಂಗಿಲಗಳು ಬಂದಿವೆ. ಅಂದಿನಿಂದ ಅಕ್ಕ ನಮ್ಮೆದುರು ಒಂದು ತುತ್ತೂ ತಿಂದಿಲ್ಲ. ಅಮ್ಮ ಅತ್ತು ಕರೆದರೂ “ನಂದು ಆಯ್ತಮ್ಮ” ಎನ್ನುತ್ತಾಳೆ. ಮೊನ್ನೆ ಅವಳ ಬಟ್ಟೆಗಳೆಲ್ಲ ಬಿಗಿಯಾಗಿವೆ ಎಂದು ಅಮ್ಮ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಳು.