ಗಾಲೀಚಾ ಹಾಸಿದ ವಿಮಾನ

"ಯಾವ ವಿಮಾನ ಹೇಳ್ತೀಯೋ ಇಲ್ಲೋ? ಮೂರು ಎಣಸ್ತೀನಿ ಕಲ್ಲಯ್ಯಾ!"

ಪಿಸ್ತೂಲು ನನ್ನ ಕಿವಿಗೆ ಒತ್ತಿತ್ತು ನೋಡ್ರಿ. ಹಿಡದಾಂವ ಬಾಳಪ್ಪ, ಖಾನಾಪುರದ ಕಟಗಿ ಕಾಂಟ್ರಾಕ್ಟರ್. ನನ್ನನ್ನ ಕೂಡಿಸಿದ್ದು ಅಲ್ಲೇ, ಅವನ ಕಟಗಿ ಅಡ್ಡೆದಾಗ. ಇವನ ಕಾಡಿನ ಲೈಸನ್ಸ್ ರದ್ದು ಮಾಡಸಾಕ ಮಂತ್ರಿ ಬೆಳಗಾವಿಯಿಂದ ದಿಲ್ಲಿಗೆ ಹೊಂಟಿದ್ದ. ಆ ಮಂತ್ರಿ ದಿಲ್ಲಿ ಮುಟ್ಟಬಾರದು!

"ಒಂದು..."

ನನ್ನನ್ನ ಯಾಕ ಹಿಡದ? ಆಗ ಬೆಳಗಾವಿ ಕ್ಯಾಂಪಿನ್ಯಾಗ ಮಂದಿ ತಂಟೆ ಬಗೆಹರಿಸೂದು ನನ್ನ ದಂಧೆ. ಅದಕ್ಕೂ ಮೊದಲ ಹನ್ನೆರಡು ವರ್ಷ ಏರ್‌ಫೋರ್ಸಿನ ವಿಐಪಿ ಸ್ಕ್ವಾಡ್ರನ್‌ನಾಗ ಸಾರ್ಜೆಂಟ್. ಡಕೋಟಾದಿಂದ ಆವ್ರೋ ತನಕ ಎಂಥೆಂಥಾ ಮಂತ್ರಿಗಳನ್ನ ಹತ್ತಿಸಿ ಇಳಿಸೀನಿ! ನಮ್ಮಲ್ಲೊಂದು ರೂಢಿ ಇತ್ತು. ಬರೋದು ಎರಡು ವಿಮಾನ. ಒಂದರ ಮುಂದ ಕೆಂಪು ಗಾಲೀಚಾ ಹಾಸ್ತಿದ್ವಿ. ಮಂತ್ರಿ ಹತ್ತೂದು ಇನ್ನೊಂದನ್ನ! ಗಾಲೀಚಾದ್ದು ಅವತ್ತು ನೆಲಾ ಬಿಟ್ಟು ಏಳ್ತಿರಲಿಲ್ಲ.

"ಎರಡು..."

"ಗಾಲೀಚಾ ಹಾಸಿದ್ದು!" ಅಂದೆ.

ಬಾಳಪ್ಪ ವಿಮಾನದ ಹತ್ರ ಬಿಟ್ಟಿದ್ದ ತನ್ನ ಆಳಿಗೆ ಫೋನ್ ಹಚ್ಚಿದ. "ಬೀರಣ್ಣಾ, ಗಾಲೀಚಾದ ವಿಮಾನದ ಟ್ಯಾಂಕಿಗೆ ನೀರು ಹಾಕು." ಆಚಿ ಮಾತು ಕೇಳಿ ನಕ್ಕ. ಫೋನಿನ ವಾಯರ್ ಕಿತ್ತ. "ಹನ್ನೊಂದಕ್ಕ ಅದ ಮೊದಲ ಏಳ್ತೈತಂತ. ಇಸಾಕ ಅಂತ ಇಂಜಿನಿಯರ್ ಅದಾನಂತ ಅದ್ರಾಗ."

ರೂಲ್ ಬದಲಾಗೇತಿ, ಈಗ ಗಾಲೀಚಾದ್ದೂ ಏಳ್ತೈತಿ! ಇಸಾಕ... ನನ್ನ ಕೂಡ ಒಂದ ತಾಟಿನ್ಯಾಗ ಉಂಡ ದೋಸ್ತ. ಅವನ ವಿಮಾನಕ್ಕ ನಾನ ನೀರು ಹಾಕಿಸಿದ್ದೆ!

ಟೈಮ್ ಹತ್ತೂಕಾಲು.

ಕಾಲಬುಡಕ ಕಟಗಿ ಪುಡಿ ರಾಶಿ ಬಿದ್ದಿತ್ತು. ಬೊಗಸಿ ತುಂಬಿ ಅವನ ಕಣ್ಣಿಗೆ ಎರಚಿದೆ. ಢಂ! ಗುಂಡು ಮಾಡಿನ ತಗಡಿಗೆ ಬಡೀತು. ಹೊರಗ ಅವನ ಬುಲೆಟ್ ಬೈಕ್ ನಿಂತಿತ್ತು. ಕಿಕ್ ಹೊಡದೆ.

ಹಿಂದ ಬಾಳಪ್ಪನ ಜೀಪ್!

ಬೆಳಗಾವಿ ಬರೋದ್ರಾಗ ನನ್ನ ಬೆನ್ನಿಗೇ ಬಂದಿತ್ತು. ಸೀದಾ ರವಿವಾರ ಪೇಟಿಗೆ ನುಗ್ಗಿದೆ. ಮೆಣಸಿನಕಾಯಿ ಚೀಲದ ಗಾಡಿ, ಹಮಾಲರು... ನಾನು ತೂರಿದೆ. ಜೀಪ್ ಸಿಕ್ಕೊಂಡ್ತು. ಹಮಾಲರು ಬಾಳಪ್ಪನ ಅವ್ವನ್ನೂ ಬಿಡಲಿಲ್ಲ ಬೈಯೂದ್ರಾಗ.

ಏರ್‌ಸ್ಟ್ರಿಪ್. ಗೇಟಿನ ಅಡ್ಡಗಟಗಿ ಮುರದು ಒಳಗ ಹೊಕ್ಕೆ.

"ರುಕೋ!"

ಕಾವಲಿನಾಂವನ ಗುಂಡು ತೋಳು ಸವರಿಕೊಂಡು ಹೋತು. ಗಾಲೀಚಾದ ವಿಮಾನ ಆಗಲೇ ರನ್‌ವೇ ಮ್ಯಾಗ! ಪಂಖಾ ತಿರಗಾಕತ್ತಿದ್ದವು. ಬುಲೆಟ್ ಅದರ ಮೂತಿ ಮುಂದ ಕೆಡವಿ ನಿಂತೆ.

ಇಸಾಕ ಇಳಿದು ಓಡಿಬಂದ. "ಕಲ್ಲ್ಯಾ! ತಲಿ ಕೆಟ್ಟೈತೇನಲೇ?"

"ಟ್ಯಾಂಕಿನ್ಯಾಗ ನೀರೈತೋ!"

"ಮುಂಜಾನೆ ನಾನ ತಪಾಸ ಮಾಡೀನಿ."

"ಮತ್ತೊಮ್ಮೆ ಮಾಡೋ ಭಾಡ್ಯಾ!"

ಟ್ಯಾಂಕಿನ ತಳದಿಂದ ಗಾಜಿನ ಬಾಟ್ಲಿಗೆ ಹಿಡದ. ಅರ್ಧ ಬಾಟ್ಲಿ ಬರೀ ನೀರು.

"ಈ ವಿಮಾನ ಅಂತ ಹೇಳಿದಾಂವ ನಾನ, ಇಸಾಕ."

"ಗೊತ್ತಾತು. ಇಷ್ಟು ಹಳೇ ರೂಲ್ ಇನ್ಯಾರು ಹೇಳ್ತಾರ?" ಅಂದು ನನ್ನನ್ನ ತಬ್ಬಿ ಅತ್ತುಬಿಟ್ಟ. ನಾನೂ ಅತ್ತೆ, ಸುಳ್ಳು ಯಾಕ ಹೇಳ್ಲಿ.

ಬಾಳಪ್ಪ, ಬೀರಣ್ಣ ಇಬ್ಬರೂ ಜೇಲಿಗೆ ಹೋದ್ರು. ಹೋದ ತಿಂಗಳ ಸ್ಕ್ವಾಡ್ರನ್ನಿನ ಚರಿತ್ರೆ ಪುಸ್ತಕ ಬಂತು. ಹೊರಗಿನಾಂವ ತಮ್ಮ ಟ್ಯಾಂಕ್ ಮುಟ್ಟಿದ್ದ ಅಂತ ಅವರು ಎಲ್ಲಿ ಬರೀತಾರ್ರಿ? ನನ್ನ ಬಗ್ಗೆ ಒಂದ ಸಾಲು ಐತಿ.

"ಬೆಳಗಾವಿ, 1979. ವಿಮಾನ ಎರಡು ತಾಸು ತಡ. ಕಾರಣ: ರನ್‌ವೇ ಮೇಲೆ ಬಿಡಾಡಿ ದನ."